ಒಂದು ವಾಶರಿನ ಪ್ರಸಂಗ

ಸಂಸಾರದಲ್ಲಿ ಕೆಡುವ ಸಾಮಾನುಗಳ ಲೆಕ್ಕ ಹಾಕಿ ನೋಡಿದರೆ, ಕೆಡುವುದು ಬಹುಮಟ್ಟಿಗೆ ಅದರ ಅತಿ ಚಿಕ್ಕ ಭಾಗವೇ. ಕುಕ್ಕರು ಸೀಟಿ ಹಾಕದೆ ಸುಯ್ಯೆಂದು ಹಬೆ ಬಿಡುತ್ತಿದ್ದರೆ ಪಾತ್ರೆಗೆ ಏನೂ ಆಗಿರುವುದಿಲ್ಲ, ಅದರ ಗ್ಯಾಸ್ಕೆಟ್ಟು ಸಡಿಲವಾಗಿರುತ್ತದೆ. ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕಿದರೆ ಒಳಗಿನ ವಾಶರ್ ಸವೆದಿರುತ್ತದೆ. ಪಂಪ್ ಸ್ಟೌ ಉಪಯೋಗಿಸಿದವರಿಗಂತೂ ಇದು ಇನ್ನೂ ಚೆನ್ನಾಗಿ ಗೊತ್ತು. ಪಂಪು ಒತ್ತಿದಾಗ ಕೈಗೆ ಏನೂ ತಡೆ ಸಿಗದೆ ಕಡ್ಡಿ ಸುಳ್ಳನೆ ಒಳಗೆ ಹೋಗಿಬಿಟ್ಟರೆ, ಬರ್ನರಿಗೆ ಎಷ್ಟು ಪಿನ್ನು ಚುಚ್ಚಿದರೂ ಫಲವಿಲ್ಲ. ಕಡ್ಡಿಯ ತುದಿಯ ಚರ್ಮದ ವಾಶರ್ ಒಣಗಿ ಮುದುಡಿದೆ ಎಂದರ್ಥ. ಅದನ್ನು ಬಿಚ್ಚಿ, ಒಂದು ತೊಟ್ಟು ಎಣ್ಣೆ ಸವರಿ, ಅಂಚನ್ನು ಬೆರಳಿನಿಂದ ಅಗಲಿಸಿ ಮತ್ತೆ ಹಾಕಿದರೆ ಸ್ಟೌ ಬುಸುಗುಟ್ಟಿಕೊಂಡು ಉರಿಯುತ್ತಿತ್ತು. ನಮ್ಮ ತಲೆಮಾರಿನ ಹೆಂಗಸರಲ್ಲಿ ಈ ಕೆಲಸ ಮಾಡದವರು ಕಡಿಮೆ. ಆದರೆ ಯಾರೂ ಅದನ್ನು ರಿಪೇರಿ ಎಂದು ಕರೆಯಲಿಲ್ಲ. ಅಡಿಗೆಯ ಬಾಬತ್ತಿಗೇ ಸೇರಿಸಿಬಿಟ್ಟರು.

ಈ ವಿದ್ಯೆ ಮೋಟಾರು ಕಾರಿಗೂ ಸಲ್ಲುತ್ತದೆ ಎಂದು ನನಗೆ ತಿಳಿದದ್ದು 1996ರಲ್ಲಿ, ಶಿವಮೊಗ್ಗದಲ್ಲಿ, ಮಾವನವರ ಹೆರಾಲ್ಡಿನ ದೆಸೆಯಿಂದ.

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಈಗಿನ ಹುಡುಗರು ನೋಡಿರಲಾರರು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಬಂದ ಕಾರು ಅದು. ಅದರ ರೂಪ ಬರೆದವನು ಮಿಕೆಲೊಟ್ಟಿ ಎಂಬ ಇಟಲಿಯವನು. 1961ರಿಂದ ನಮ್ಮ ಮದರಾಸಿನಲ್ಲೂ ಅದನ್ನು ತಯಾರಿಸತೊಡಗಿದರು. ಅಂಬಾಸಿಡರಿನಂತೆ ಗುಂಡು ಗುಂಡಾಗಿರದೆ, ಹಿಂದೆ ಮುಂದೆ ಚೂಪಾಗಿ, ಮದುವೆಗೆ ಹೊರಟ ಹುಡುಗನ ಹಾಗೆ ಇಸ್ತ್ರಿ ಮಾಡಿಕೊಂಡಂತೆ ಇರುತ್ತಿತ್ತು. ಅದರ ಬಾನೆಟ್ಟು ಬೇರೆ ಕಾರುಗಳಂತಲ್ಲ. ಮಡ್‌ಗಾರ್ಡು, ದೀಪ ಎಲ್ಲ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಚಕ್ರದ ಮೇಲೆ ಕೂತು ಎಂಜಿನ್ನಿನ ಕೆಲಸ ಮಾಡಬಹುದು. ಅಷ್ಟೇ ಅಲ್ಲ, ಗೇರ್‌ಬಾಕ್ಸಿನ ಮೇಲಿನ ಹೊದಿಕೆಯನ್ನು ಕಾರಿನ ಒಳಗಿನಿಂದಲೇ ಬಿಚ್ಚಬಹುದು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಮಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಓವರ್ಸಿಯರ್ ಆಗಿದ್ದವರು. 1971ರಲ್ಲಿ ಈ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಎರಡು ಬಾಗಿಲಿನದು, ತಿಳಿನೀಲಿ ಬಣ್ಣ. ಅದರ ಕೆಲಸವನ್ನೆಲ್ಲ ಭಾನುವಾರ ಪಂಚೆ ಎತ್ತಿಕಟ್ಟಿ ತಾವೇ ಮಾಡುತ್ತಿದ್ದರು. ಯಾವ ತಾರೀಖು ಯಾವ ಎಣ್ಣೆ ಬದಲಾಯಿಸಿದೆ ಎಂಬುದಕ್ಕೆ ಒಂದು ಪುಸ್ತಕವೇ ಇತ್ತು. ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. "ಗೇರಿನ ಮೇಲೆ ಸಿಟ್ಟು ತೀರಿಸ್ಕೋಬಾರ್ದಮ್ಮ, ಕ್ಲಚ್ ಪೂರ್ತಿ ಒತ್ತು" ಎನ್ನುವುದು ಅವರ ಒಂದೇ ಪಾಠ.

1995ರ ಸೆಪ್ಟೆಂಬರಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ನಾವು ಹೇಳುವುದೆಲ್ಲ ತಿಳಿಯುತ್ತಿತ್ತು. ಹೇಳಲು ಹೊರಟರೆ ಬಾಯಿಂದ ಬರೀ ಸ್ವರ ಬರುತ್ತಿತ್ತು. ಎಡಗೈ ಬೆರಳನ್ನು ಎತ್ತಿದರೆ 'ಹೌದು', ಕೈ ಮಗುಚಿದರೆ 'ಅಲ್ಲ' ಎಂದು ಮನೆಯಲ್ಲಿ ಒಂದು ಭಾಷೆ ಮಾಡಿಕೊಂಡೆವು. ವಾರಕ್ಕೆ ಮೂರು ದಿನ ಅವರನ್ನು ವ್ಯಾಯಾಮ ಚಿಕಿತ್ಸೆಗೆ ಕರೆದುಕೊಂಡು ಹೋಗಬೇಕಿತ್ತು. ಆರು ತಿಂಗಳೊಳಗೆ ಎಷ್ಟು ಸಾಧ್ಯವೋ ಅಷ್ಟು ಮಾಡಿಸಿ, ಒಂದು ದಿನವೂ ತಪ್ಪಿಸಬೇಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಭಾನುವಾರ ರಾತ್ರಿ ಬಸ್ಸು ಹತ್ತುವವರು. ಆಟೋದಲ್ಲಿ ಕೂರಿಸೋಣವೆಂದರೆ ಕಾಲು ಎತ್ತಿ ಹತ್ತಲು ಆಗದು, ಒಳಗೆ ಒರಗಿ ಕೂರಲು ಜಾಗ ಸಾಲದು. ಹೆರಾಲ್ಡಿಗೆ ಎರಡೇ ಬಾಗಿಲಾದ್ದರಿಂದ ಅವು ತುಂಬ ಅಗಲ. ಗಾಲಿ ಕುರ್ಚಿಯನ್ನು ಬಾಗಿಲಿಗೆ ಸೇರಿಸಿ ನಿಲ್ಲಿಸಿದರೆ ನಾನೂ ಅತ್ತೆಯೂ ಸೇರಿ ಅವರನ್ನು ಸೀಟಿಗೆ ಜರುಗಿಸಬಹುದಿತ್ತು. ಹಾಗಾಗಿ ಆ ಆರು ತಿಂಗಳು ನಮ್ಮ ಮನೆಯಲ್ಲಿ ಕಾರು ಅನುಕೂಲದ ಮಾತಾಗಿರಲಿಲ್ಲ, ಔಷಧಿಯ ಹಾಗಿತ್ತು.

ಫೆಬ್ರವರಿ ತಿಂಗಳ ಒಂದು ಬುಧವಾರ, ಚಿಕಿತ್ಸೆ ಮುಗಿಸಿ ಹೊರಟಾಗ ಗೇರು ಕರಕರ ಎಂದಿತು. ಎರಡನೆಯ ತಿರುವಿನಲ್ಲಿ ಕ್ಲಚ್ಚು ಒತ್ತಿದರೆ ಪೆಡಲು ಹತ್ತಿಯ ಮೇಲೆ ಕಾಲಿಟ್ಟಂತೆ ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು. ಕಾರು ನಿಂತುಹೋಯಿತು. ಎಂಜಿನ್ ಓಡುತ್ತಿರುವಾಗ ಯಾವ ಗೇರೂ ಬೀಳಲೊಲ್ಲದು. ಪಕ್ಕದಲ್ಲಿದ್ದ ಮಾವನವರು ಎಡಗೈ ಚಾಚಿ ಕೀಲಿಕೈ ತಿರುಗಿಸಿ ಎಂಜಿನ್ ಆರಿಸಿದರು. ಆಮೇಲೆ ಗೇರಿನ ಕಡ್ಡಿಯನ್ನು ಮುಟ್ಟಿ ತೋರಿಸಿದರು. ಅರ್ಥವಾಯಿತು. ಎಂಜಿನ್ ಆರಿದ್ದಾಗ ಮೊದಲನೇ ಗೇರು ಬೆಣ್ಣೆಯಂತೆ ಬಿತ್ತು. ಗೇರಿನಲ್ಲಿಟ್ಟೇ ಸ್ಟಾರ್ಟ್ ಮಾಡಿದೆ. ಕಾರು ಕಪ್ಪೆಯಂತೆ ಕುಪ್ಪಳಿಸಿ ಹೊರಟಿತು. ಎಲ್ಲೂ ನಿಲ್ಲಿಸದೆ ಮೊದಲನೇ ಗೇರಿನಲ್ಲೇ ನಡೆಯುವವರ ಜೊತೆಗೆ ಮನೆ ಸೇರಿದೆವು. ಸ್ಟಾರ್ಟರಿಗೂ ಬ್ಯಾಟರಿಗೂ ಇದು ಒಳ್ಳೆಯದಲ್ಲ; ಆದರೆ ನಡುರಸ್ತೆಯಲ್ಲಿ ರೋಗಿಯನ್ನಿಟ್ಟುಕೊಂಡು ನಿಲ್ಲುವುದಕ್ಕಿಂತ ವಾಸಿ.

ಸಂಜೆ ಒಂದು ಗ್ಯಾರೇಜಿನ ಮೇಸ್ತ್ರಿ ಬಂದರು. ಅವರ ಮೊದಲ ಪ್ರಶ್ನೆ, "ಯಜಮಾನ್ರು ಇಲ್ವಾಮ್ಮ?" ಇಲ್ಲವೆಂದೆ. ಕೂತು ಒಮ್ಮೆ ಪೆಡಲು ಒತ್ತಿದರು, ಗೇರು ಕರಕರ ಅನ್ನಿಸಿದರು, ಇಳಿದರು. ಬಾನೆಟ್ಟು ಎತ್ತಲಿಲ್ಲ, ಕೆಳಗೆ ಬಗ್ಗಲಿಲ್ಲ. "ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸೂ ಏಟು ತಿಂದಿದೆ. ಎಲ್ಲಾ ಇಳಿಸ್ಬೇಕು. ಸಾಮಾನು ಸಿಗೋದು ಕಷ್ಟ, ಕಂಪನೀನೇ ಮುಚ್ಚಿದೆ. ಒಂದು ತಿಂಗ್ಳು ಬಿಡಿ, ಐದು ಸಾವಿರಕ್ಕೆ ಕಮ್ಮಿ ಆಗಲ್ಲ. ಸುಮ್ನೆ ಗುಜರಿಗೆ ಕೊಟ್ಬಿಡಿ, ನಾನೇ ಗಿರಾಕಿ ನೋಡ್ತೀನಿ" ಎಂದರು. ರಾತ್ರಿ ಫೋನು ಮಾಡಿದ ಮೈದುನನೂ, "ಅತ್ತಿಗೆ, ಅದನ್ನ ಎಷ್ಟು ದಿನ ಅಂತ ಎಳೀತೀರಿ, ಕೊಟ್ಟುಬಿಡಿ" ಎಂದ. ಮಂಚದ ಮೇಲಿದ್ದ ಮಾವನವರು ಮಾತ್ರ ಮೇಸ್ತ್ರಿ ಮಾತಾಡಿದ ಹೊತ್ತಿನಿಂದ ಕೈ ಮಗುಚುತ್ತಲೇ ಇದ್ದರು. ಅಲ್ಲ, ಅಲ್ಲ, ಅಲ್ಲ.

ಊಟ ಮುಗಿದ ಮೇಲೆ ಅವರ ಬೀರುವಿನಿಂದ ಕಾರಿನ ಕೈಪಿಡಿ ತೆಗೆದು ಮುಂದಿಟ್ಟುಕೊಂಡು ಕೂತೆ. ಕ್ಲಚ್ಚಿನ ಅಧ್ಯಾಯದ ಅಂಚಿನಲ್ಲೆಲ್ಲ ಮಾವನವರ ಪೆನ್ಸಿಲ್ ಗುರುತು. ಆ ಚಿತ್ರವನ್ನು ನೋಡುತ್ತಾ ನೋಡುತ್ತಾ ನನಗೆ ಚಕ್ಕುಲಿ ಒರಳು ಕಣ್ಣಿಗೆ ಕಟ್ಟಿತು.

ವಿಷಯ ಇಷ್ಟು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟು ಒತ್ತಿಕೊಂಡಿರುತ್ತದೆ. ಗೇರು ಬದಲಿಸುವಾಗ ಆ ಒತ್ತಡವನ್ನು ಸಡಿಲಿಸಬೇಕು. ಮಾರುತಿ 800ರಂಥ ಕಾರಿನಲ್ಲಿ ಈ ಕೆಲಸವನ್ನು ಸೈಕಲ್ ಬ್ರೇಕಿನಂತೆ ಒಂದು ತಂತಿ ಮಾಡುತ್ತದೆ. ಹೆರಾಲ್ಡಿನಲ್ಲಿ ತಂತಿಯ ಬದಲು ಎಣ್ಣೆ. ಪೆಡಲಿನ ಮುಂದೆ ಒಂದು ಚಿಕ್ಕ ಸಿಲಿಂಡರು; ಅದಕ್ಕೆ ಮಾಸ್ಟರ್ ಅನ್ನುತ್ತಾರೆ, ನಮ್ಮ ಮೇಸ್ತ್ರಿಗಳ ಬಾಯಲ್ಲಿ 'ಅಪ್ಪರ್'. ಗೇರ್‌ಬಾಕ್ಸಿನ ಮಗ್ಗುಲಲ್ಲಿ ಇನ್ನೊಂದು. ಅದು ಸ್ಲೇವ್, ಮೇಸ್ತ್ರಿಗಳಿಗೆ 'ಲೋಯರ್'. ಎರಡರ ನಡುವೆ ಸಣ್ಣ ಕೊಳವೆ, ಅದರ ತುಂಬ ಬ್ರೇಕ್ ಎಣ್ಣೆ. ಮೇಲೆ ಒತ್ತಿದರೆ ಎಣ್ಣೆ ಕೆಳಗಿನ ಪಿಸ್ಟನನ್ನು ತಳ್ಳುತ್ತದೆ, ಪಿಸ್ಟನ್ನು ಒಂದು ಕಡ್ಡಿಯನ್ನು, ಕಡ್ಡಿ ಕ್ಲಚ್ಚನ್ನು. ದ್ರವವನ್ನು ಅದುಮಿದರೆ ಅದು ಕುಗ್ಗುವುದಿಲ್ಲ, ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ ಎಂದು ಹದಿನೇಳನೇ ಶತಮಾನದ ಪಾಸ್ಕಲ್ ಹೇಳಿದ್ದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಬಿಗಿಯಾಗಿ ತುಂಬಿದ್ದರೆ ಒತ್ತಿದಷ್ಟೂ ಎಳೆ ಬರುತ್ತದೆ. ನಡುವೆ ಗಾಳಿ ಸೇರಿದ್ದರೆ ಎಳೆ ತುಂಡಾಗುತ್ತದೆ. ಒರಳೇ ಸಡಿಲವಾಗಿದ್ದರೆ ಹಿಟ್ಟು ಪಕ್ಕದಿಂದ ಮೇಲಕ್ಕೆ ಉಕ್ಕುತ್ತದೆ. ಇಲ್ಲೂ ಅಷ್ಟೇ.

"ಮಾವ, ಪ್ಲೇಟು ಸವೆದಿದ್ರೆ ಎಂಜಿನ್ ಸುಮ್ನೆ ಕೂಗಿ ಕಾರು ಎಳೆಯೋದಿಲ್ಲ, ಅಲ್ವಾ?" ಬೆರಳು ಎತ್ತಿದರು.

"ನಮ್ದು ಎಳೀತು. ಬಿಡೋಕೆ ಮಾತ್ರ ಒಲ್ಲೆ ಅಂತು." ಬೆರಳು.

"ಎಂಜಿನ್ ಆರಿಸಿದಾಗ ಎಲ್ಲಾ ಗೇರೂ ಬಿದ್ವು. ಹಾಗಾದ್ರೆ ಗೇರ್‌ಬಾಕ್ಸ್ ಸರಿಯಾಗಿದೆ." ಬೆರಳು, ಜೊತೆಗೆ ಕಣ್ಣಿನಲ್ಲಿ ಹಳೆಯ ಮಾಸ್ತರಿಕೆ.

"ಹಾಗಾದ್ರೆ ಎಣ್ಣೆ." ಅವರು ಕೈ ಚಾಚಿ ಚಿತ್ರದಲ್ಲಿ ಮೊದಲು ಡಬ್ಬಿಯ ಮೇಲೆ, ಆಮೇಲೆ ಅಪ್ಪರ್ ಮೇಲೆ, ಆಮೇಲೆ ಲೋಯರ್ ಮೇಲೆ ಬೆರಳಿಟ್ಟರು. ನೋಡಬೇಕಾದ ಕ್ರಮ ಅದು.

ಬೆಳಿಗ್ಗೆ ಬಾನೆಟ್ಟು ಎತ್ತಿದೆ. ಗೋಡೆಗೆ ತಾಗಿದಂತೆ ಎರಡು ಪುಟ್ಟ ಡಬ್ಬಿಗಳು, ಒಂದು ಬ್ರೇಕಿನದು, ಒಂದು ಕ್ಲಚ್ಚಿನದು. ಕ್ಲಚ್ಚಿನ ಡಬ್ಬಿ ತಳ ಕಾಣುತ್ತಿತ್ತು. ಎಣ್ಣೆ ಉರಿದುಹೋಗುವ ವಸ್ತುವಲ್ಲ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಅಪ್ಪರ್ ಸೋರಿದರೆ ಪೆಡಲಿನ ಕಡ್ಡಿಯಗುಂಟ ಇಳಿದು ಚಾಲಕರ ಕಾಲ ಬಳಿಯ ಚಾಪೆ ಒದ್ದೆಯಾಗಬೇಕು. ಚಾಪೆ ಒಣಗಿತ್ತು. ಕಾರಿನ ಅಡಿ, ಗೇರ್‌ಬಾಕ್ಸಿನ ಮುಂಭಾಗದ ಕೆಳಗೆ ರಾತ್ರಿ ಹಾಸಿದ್ದ ವೃತ್ತಪತ್ರಿಕೆಯ ಮೇಲೆ ಅಂಗೈಯಷ್ಟು ಕಲೆ. ಅದು ಎಂಜಿನ್ ಎಣ್ಣೆಯೋ ಬ್ರೇಕ್ ಎಣ್ಣೆಯೋ ಎಂಬುದಕ್ಕೆ ಅಡಿಗೆಮನೆಯ ಪರೀಕ್ಷೆಯೇ ಸಾಕು. ತೊಟ್ಟಿಕ್ಕುವ ಕಡೆ ಮುಚ್ಚಳ ಹಿಡಿದು ಒಂದು ಹನಿ ಹಿಡಿದುಕೊಂಡೆ, ಒಂದು ಬಟ್ಟಲು ನೀರಿಗೆ ಹಾಕಿದೆ. ಎಂಜಿನ್ ಎಣ್ಣೆಯಾಗಿದ್ದರೆ ಒಗ್ಗರಣೆಯ ಎಣ್ಣೆಯಂತೆ ತೇಲಬೇಕು. ಇದು ನೀರಿನಲ್ಲಿ ಬೆರೆತೇ ಹೋಯಿತು. ಬ್ರೇಕ್ ಎಣ್ಣೆ. (ಆ ಬಟ್ಟಲನ್ನು ಮತ್ತೆ ಅಡಿಗೆಗೆ ಬಳಸಲಿಲ್ಲ, ಅದು ವಿಷ. ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೂ ಎಬ್ಬಿಸುತ್ತದೆ. ತಕ್ಷಣ ನೀರು ಹಾಕಿ ತೊಳೆಯಬೇಕು.)

ಎದುರಿನ ಸೈಕಲ್ ಷಾಪಿನ ಹುಡುಗನನ್ನು ಕರೆದೆ. ಅವನು ಸ್ಪ್ಯಾನರುಗಳನ್ನು ತಂದ. ಪಕ್ಕದ ಸೀಟು ತೆಗೆದು, ಗೇರ್‌ಬಾಕ್ಸಿನ ಹೊದಿಕೆಯ ಸ್ಕ್ರೂಗಳನ್ನೆಲ್ಲ ಬಿಚ್ಚಿ ಎತ್ತಿದೆವು. ಲೋಯರ್ ಕಾಣಿಸಿತು. ಅದರ ಬಾಯಿಗೆ ಧೂಳು ಹೋಗದಿರಲೆಂದು ಒಂದು ರಬ್ಬರಿನ ಟೋಪಿ ಇರುತ್ತದೆ. ಟೋಪಿಯ ಅಂಚು ಸರಿಸಿದ್ದೇ ತಡ, ಕಪ್ಪನೆಯ ಎಣ್ಣೆ ಬಳಬಳ ಸುರಿಯಿತು. ಮಾವನವರನ್ನು ಗಾಲಿ ಕುರ್ಚಿಯಲ್ಲಿ ಬಾಗಿಲ ಬಳಿಗೆ ತಂದು ತೋರಿಸಿದೆ. ಅವರು ನೋಡಿ ಬೆರಳು ಎತ್ತಿದರು.

ಲೋಯರನ್ನು ಬಿಚ್ಚಿ ಹೊರತೆಗೆದು, ಎಣ್ಣೆ ಬರುವ ತೂತಿಗೆ ಸೈಕಲ್ ಪಂಪು ಹಿಡಿದು, ಬಾಯಿಗೆ ಬಟ್ಟೆ ಅಡ್ಡವಿಟ್ಟು ಗಾಳಿ ಹೊಡೆದಾಗ ಪಿಸ್ಟನ್ನು ಪುಸಕ್ಕೆಂದು ಈಚೆಗೆ ಬಂತು. ಅದರ ಹಿಂದೆಯೇ ರಬ್ಬರ್ ವಾಶರ್. ಎಂಟಾಣೆ ನಾಣ್ಯದ ಅಗಲ, ಚಿಕ್ಕ ಬಟ್ಟಲಿನ ಆಕಾರ. ಅದಕ್ಕೇ ಬಕೆಟ್ ವಾಶರ್ ಎಂದು ಹೆಸರು. ಅಂಚು ಒಂದು ಕಡೆ ಕಚ್ಚಿದಂತೆ ಹರಿದಿತ್ತು. ಇಷ್ಟು ದೊಡ್ಡ ಕಾರನ್ನು ನಿಲ್ಲಿಸಿದ್ದು, ಗುಜರಿಗೆ ಕೊಡಿಸಲು ಹೊರಟಿದ್ದು ಇದು.

ಅಂದು ರಾತ್ರಿಯೇ ಯಜಮಾನರಿಗೆ ಎಸ್.ಟಿ.ಡಿ. ಮಾಡಿದೆ. ಸಿಲಿಂಡರಿನ ಮೈಮೇಲೆ ಎರಕದಲ್ಲೇ ಮೂಡಿದ್ದ ಅಳತೆಯ ಅಂಕಿಯನ್ನು ಬರೆಸಿದೆ. ಸ್ಟ್ಯಾಂಡರ್ಡ್ ಕಂಪನಿ ಕಾರು ಮಾಡುವುದನ್ನು ಬಿಟ್ಟು ವರ್ಷಗಳಾಗಿದ್ದವು ನಿಜ. ಆದರೆ ವಾಶರಿಗೆ ಕಾರಿನ ಜಾತಿ ಬೇಕಿಲ್ಲ, ಅಳತೆ ಕೂಡಿದರೆ ಸಾಕು. ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ತಿರುಗಿ ನಾಲ್ಕನೆಯದರಲ್ಲಿ ಅವರಿಗೆ ಕಿಟ್ಟು ಸಿಕ್ಕಿತು. ಶನಿವಾರ ರಾತ್ರಿ ತಂದರು. ಹೊಸ ವಾಶರ್, ಹೊಸ ಟೋಪಿ, ಒಂದು ಡಬ್ಬಿ ಬ್ರೇಕ್ ಎಣ್ಣೆ, ಎಲ್ಲ ಸೇರಿ 150 ರೂಪಾಯಿಯೊಳಗೆ.

ಭಾನುವಾರ ಬೆಳಿಗ್ಗೆ ಯಜಮಾನರು ತಂದೆಗೆ ಔಷಧಿ ತರಲು ಹೋಗಿದ್ದಾಗಲೇ ನಾವು ಕೆಲಸ ಶುರುಮಾಡಿದೆವು. ಸಿಲಿಂಡರಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಾಯಿಸದಿದ್ದರೆ ಒಳಗೆ ತುಕ್ಕು ಹಿಡಿದು ಗುಳಿ ಬೀಳುತ್ತದೆ. ಆಳವಾದ ಗುಳಿಯಿದ್ದರೆ ಎಂಥ ವಾಶರ್ ಹಾಕಿದರೂ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಾಯಿಸಬೇಕು. ನಮ್ಮದರಲ್ಲಿ ಮಸಿಯಂಥ ಕಲೆ ಮಾತ್ರ ಇತ್ತು. ನಯವಾದ ಉಪ್ಪುಕಾಗದದಿಂದ ಸುತ್ತಲೂ ಮೆಲ್ಲಗೆ ಉಜ್ಜಿ, ಬ್ರೇಕ್ ಎಣ್ಣೆಯಿಂದಲೇ ತೊಳೆದೆ. ಹುಡುಗ ಸೀಮೆಎಣ್ಣೆ ತಂದಿದ್ದ. ಮಾವನವರು ಕೈ ಮಗುಚಿದರು. ಸೀಮೆಎಣ್ಣೆ, ಪೆಟ್ರೋಲು, ಎಂಜಿನ್ ಎಣ್ಣೆ ಯಾವುದು ತಾಕಿದರೂ ಆ ರಬ್ಬರು ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ. ವಾಶರನ್ನು ಎಣ್ಣೆಯಲ್ಲಿ ಅದ್ದಿ, ಬಟ್ಟಲಿನ ಬಾಯಿ ಎಣ್ಣೆಯ ಕಡೆಗೆ ಇರುವಂತೆ ಕೂರಿಸಿದೆ. ಪಂಪ್ ಸ್ಟೌವಿನಲ್ಲೂ ಹಾಗೇ ಅಲ್ಲವೇ? ಒತ್ತಡ ಬಂದಾಗ ಬಾಯಿ ಅರಳಿ ಗೋಡೆಗೆ ಅಂಟಿಕೊಳ್ಳಬೇಕು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೊನೆಯ ಕೆಲಸ ಗಾಳಿ ತೆಗೆಯುವುದು. ಇದಕ್ಕೆ ಇಬ್ಬರು ಬೇಕು. ಹುಡುಗನನ್ನು ಅಷ್ಟರಲ್ಲಿ ಅಂಗಡಿಯಿಂದ ಕೂಗಿದರು, ಓಡಿಹೋದ. ಮಿಕ್ಕವರು ಅತ್ತೆ.

ಅತ್ತೆಗೆ ಆಗ 68 ವರ್ಷ. ಇಪ್ಪತ್ತೈದು ವರ್ಷ ಆ ಕಾರಿನಲ್ಲಿ ಓಡಾಡಿದ್ದರೂ ಚಾಲಕರ ಸೀಟಿನಲ್ಲಿ ಒಮ್ಮೆಯೂ ಕೂತವರಲ್ಲ. "ನನ್ನಿಂದಾಗತ್ತೇನೇ ಇದೆಲ್ಲಾ?" ಎನ್ನುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದೇವರ ಮನೆಗೆ ಹೋಗುವಂತೆ ಕಾಲು ತೊಳೆದುಕೊಂಡು ಬಂದು ಕೂತರು. ಲೋಯರಿನ ಮೇಲೆ ಗಾಳಿ ಬಿಡಲು ಒಂದು ಪುಟ್ಟ ತಿರುಪು ಇರುತ್ತದೆ. ಅದಕ್ಕೆ ಮಾವನವರ ಆಸ್ಪತ್ರೆಯ ಡ್ರಿಪ್ಪಿನ ನಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಎಣ್ಣೆ ಹಾಕಿದ ಹಾರ್ಲಿಕ್ಸ್ ಬಾಟಲಿಯಲ್ಲಿ ಮುಳುಗಿಸಿದೆ. ಮೇಲಿನ ಡಬ್ಬಿ ತುಂಬಿಸಿದೆ. "ಒತ್ತಿ ಹಿಡ್ಕೊಳ್ಳಿ" ಎಂದರೆ ಅತ್ತೆ ಒತ್ತಿ ಹಿಡಿಯುವುದು. ನಾನು ತಿರುಪು ಸಡಿಲಿಸುವುದು. ನಳಿಗೆಯಲ್ಲಿ ಗುಳ್ಳೆಗಳು ಬರುವುದು. ತಿರುಪು ಬಿಗಿ ಮಾಡಿ "ಬಿಡಿ" ಎಂದ ಮೇಲೆ ಅವರು ಕಾಲು ತೆಗೆಯುವುದು. ಈ ಕ್ರಮ ತಪ್ಪಿ, ತಿರುಪು ತೆರೆದಿರುವಾಗಲೇ ಕಾಲು ಎತ್ತಿದರೆ, ಹೋದ ಗಾಳಿ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ.

ಆರೇಳು ಸಲ ಸರಿಯಾಗಿ ನಡೆಯಿತು. ನಾಲ್ಕಾರು ಸಲಕ್ಕೊಮ್ಮೆ ಡಬ್ಬಿಗೆ ಎಣ್ಣೆ ತುಂಬಿಸುತ್ತಿದ್ದೆ, ಅದು ಬರಿದಾದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಹತ್ತನೆಯದೋ ಹನ್ನೊಂದನೆಯದೋ ಸಲ ಇರಬೇಕು. ನಾನು ತಿರುಪು ಸಡಿಲಿಸಿದ್ದೆ, ನಳಿಗೆಯಲ್ಲಿ ಎಣ್ಣೆ ಹರಿಯುತ್ತಿತ್ತು. ಅತ್ತೆಗೆ ಒಳಗೆ ಹಾಲು ಇಟ್ಟಿದ್ದು ನೆನಪಾಯಿತೋ ಏನೋ, ಕಾಲು ಎತ್ತಲು ಹೊರಟರು.

"ಬೇಡ!"

ದನಿ ಒಡಕಾಗಿತ್ತು, ಆದರೆ ಮಾತು ಸ್ಪಷ್ಟ. ಗಾಲಿ ಕುರ್ಚಿಯಿಂದ ಬಂದದ್ದು. ಅತ್ತೆಯ ಕಾಲು ಪೆಡಲಿನ ಮೇಲೆ ಕಲ್ಲಿನಂತೆ ನಿಂತಿತು. ನಾನು ತಿರುಪು ಬಿಗಿ ಮಾಡಿದೆ. ಬಿಡಿ ಎಂದು ಹೇಳಲು ನನಗೇ ದನಿ ಬರಲಿಲ್ಲ. ಒಂದು ನಿಮಿಷ ಮೂವರೂ ಸುಮ್ಮನಿದ್ದೆವು. ಕೊನೆಗೆ ಅತ್ತೆಯೇ ಕಣ್ಣೊರೆಸಿಕೊಂಡು, "ಐದು ತಿಂಗಳಾದ ಮೇಲೆ ಆಡಿದ ಮೊದಲನೇ ಮಾತು ನೋಡು, ಅದೂ ನನ್ನನ್ನ ಗದರೋಕೆ" ಎಂದರು. ಮಾವನವರು ಎಡಗೈ ಬೆರಳು ಎತ್ತಿದರು.

ಗುಳ್ಳೆ ನಿಲ್ಲುವವರೆಗೂ ಕೆಲಸ ನಡೆಯಿತು. ಆಮೇಲೆ ಪೆಡಲು ಒತ್ತಿದರೆ ಗಟ್ಟಿ ಮೊಸರಿನ ಮೇಲೆ ಸೌಟಿಟ್ಟಂತೆ ತಡೆ ಸಿಕ್ಕಿತು. ಅತ್ತೆ ಒತ್ತುವಾಗ ಲೋಯರಿನ ಕಡ್ಡಿ ಸುಮಾರು ಅರ್ಧ ಅಂಗುಲ ಮುಂದೆ ಹೋಗುವುದನ್ನು ಕಣ್ಣಾರೆ ನೋಡಿದೆ. ಸ್ಟಾರ್ಟ್ ಮಾಡಿ ಮೊದಲನೇ ಗೇರು ಹಾಕಿದೆ. ಸದ್ದಿಲ್ಲದೆ ಬಿತ್ತು. ಮರುದಿನ ಸೋಮವಾರದ ಚಿಕಿತ್ಸೆಗೆ ಹೋದೆವು. ನಡುವೆ ತಪ್ಪಿದ್ದು ಶುಕ್ರವಾರ ಒಂದೇ ದಿನ.

ಆ ಒಂದು ಮಾತಿನಿಂದ ಮಾವನವರ ಬಾಯಿ ಪೂರ್ತಿ ತೆರೆದುಕೊಂಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಲಕ್ವದವರಿಗೆ ಯೋಚಿಸಿ ಆಡುವ ಮಾತಿಗಿಂತ ಥಟ್ಟನೆ ಆಡುವ ಮಾತು ಮೊದಲು ಬರುವುದುಂಟು ಎಂದು ಡಾಕ್ಟರು ಹೇಳಿದರು. ಕ್ರಮೇಣ ಇಪ್ಪತ್ತು ಮೂವತ್ತು ಮಾತು ಬಂದವು. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು. 1999ರಲ್ಲಿ ಹೋಗಿಬಿಟ್ಟರು. ಕಾರನ್ನು ಇನ್ನೂ ನಾಲ್ಕು ವರ್ಷ ಇಟ್ಟುಕೊಂಡಿದ್ದು, ಹಳೆಯ ಕಾರುಗಳ ಹುಚ್ಚಿನ ಮೈಸೂರಿನವರೊಬ್ಬರಿಗೆ ಕೈಪಿಡಿಯ ಸಮೇತ ಕೊಟ್ಟೆವು.

ಇದನ್ನು ಓದಿ ಎಲ್ಲರೂ ಕಾರು ಬಿಚ್ಚಲು ಕೂರಬೇಕೆಂದು ನಾನು ಹೇಳುತ್ತಿಲ್ಲ. ಈಗಿನ ಹಲವು ಕಾರುಗಳಲ್ಲಿ ಲೋಯರ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ. ಅದು ಸೋರಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು, ಮೇಸ್ತ್ರಿ ಹಾಗೆಂದರೆ ಅದು ನಿಜವೇ ಇರಬಹುದು. ಆದರೆ ಇಳಿಸುವ ಮೊದಲು ಕೆಲವು ಪ್ರಶ್ನೆ ಕೇಳಬಹುದು. ಎಣ್ಣೆಯ ಮಟ್ಟ ನೋಡಿದಿರಾ? ಎಲ್ಲಿ ಒದ್ದೆಯಾಗಿದೆ, ತೋರಿಸಿ. ಎಂಜಿನ್ ಆರಿದ್ದಾಗ ಗೇರು ಬೀಳುತ್ತದೆಯೇ? ಎಣ್ಣೆ ಬದಲಾಯಿಸಿ ಎರಡು ವರ್ಷವಾಗಿದ್ದರೆ ಅದನ್ನೂ ಮಾಡಿಸಿ. ವಾಶರಿನ ಆಯಸ್ಸು ಹೆಚ್ಚುತ್ತದೆ. ಜೊತೆಗೆ ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ನಾನು ಇಂದಿಗೂ ಗ್ಯಾರೇಜಿಗೆ ಹೋದರೆ ಬಿಲ್ಲಿನ ಜೊತೆ ಅದನ್ನೂ ಕೇಳುತ್ತೇನೆ. ಮೊದಮೊದಲು ನಗುತ್ತಿದ್ದರು. ಈಗ ನನ್ನ ಗಾಡಿ ಹೋದರೆ ಅಲ್ಲಿನ ಹುಡುಗರು ತಾವಾಗಿಯೇ ಹಳೆಯ ವಾಶರು, ಬೇರಿಂಗು ಏನಿದ್ದರೂ ಕಾಗದದಲ್ಲಿ ಕಟ್ಟಿ ಸೀಟಿನ ಮೇಲೆ ಇಟ್ಟಿರುತ್ತಾರೆ.